ಆರ್‌ಎಸ್‌ವಿ ಪಾಸಿಟಿವ್, ಸರಿ. ಆದರೆ ಯಾವ ಆರ್‌ಎಸ್‌ವಿ?

ಜುಲೈ ತಿಂಗಳಲ್ಲಿ ಹಾಸನದ ಯಾವ ಮಕ್ಕಳ ಡಾಕ್ಟರ ಹತ್ತಿರ ಬೇಕಾದರೂ ಹೋಗಿ, ಬೆಂಚಿನ ತುಂಬ ಕೆಮ್ಮುವ ಮಕ್ಕಳೇ. ಸಕಲೇಶಪುರದ ಕಡೆಯಿಂದ ಬಂದವರ ಕೊಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿರುತ್ತದೆ, ಕೂಸು ಅಮ್ಮನ ಹೆಗಲ ಮೇಲೆ ಗೊರಗೊರ ಅನ್ನುತ್ತಿರುತ್ತದೆ, ಪಕ್ಕದಲ್ಲಿ ಕೂತ ಅಜ್ಜಿ "ಕಫ ಕಟ್ಟಿದೆ ಅಷ್ಟೇ ಕಣವ್ವ" ಅಂತ ಸಮಾಧಾನ ಹೇಳುತ್ತಿರುತ್ತಾರೆ.

ಎಷ್ಟೋ ಸಲ ಅಜ್ಜಿಯ ಮಾತೇ ಸರಿ. ಮೂಗಿಗೆ ಸಲೈನ್ ಡ್ರಾಪ್ಸ್, ಎದೆಹಾಲು, ಜ್ವರಕ್ಕೆ ಸಿರಪ್. ವಾರ ಹತ್ತು ದಿನದಲ್ಲಿ ಮಗು ಮತ್ತೆ ಆಟಕ್ಕೆ. ಯಾವ ವೈರಸ್ ಅಂತ ಯಾರೂ ಟೆಸ್ಟ್ ಮಾಡಿಸುವುದಿಲ್ಲ, ಮಾಡಿಸಿದರೂ ಕೊಡುವ ಔಷಧಿ ಹೆಚ್ಚು ಕಡಿಮೆ ಅದೇ. ಅಡ್ಮಿಟ್ ಆದ ಕೆಲವರಿಗೆ ಮಾತ್ರ ಮೂಗಿನೊಳಗಿಂದ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಪುಟ್ಟ ಕೂಸುಗಳ ರಿಪೋರ್ಟಿನಲ್ಲಿ ಪದೇ ಪದೇ ಕಾಣುವ ಹೆಸರು ಆರ್‌ಎಸ್‌ವಿ. ಪೂರ್ತಿ ಹೆಸರು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್.

ಮನೆಯವರಿಗೆ ಅಷ್ಟು ಗೊತ್ತಾದರೆ ಸಾಕು. ವೈರಸ್ ಮೇಲೆ ಕಣ್ಣಿಟ್ಟವರಿಗೆ ಸಾಲದು. ಯಾವ ಆರ್‌ಎಸ್‌ವಿ, ಎಲ್ಲಿಂದ ಬಂದದ್ದು, ಹೋದ ವರ್ಷದ್ದೇನಾ ಬೇರೆಯದಾ ಅಂತ ಅವರು ಕೇಳುತ್ತಾರೆ. ಇದನ್ನೆಲ್ಲ ಹೇಗೆ ಕಂಡುಹಿಡಿಯುತ್ತಾರೆ, ಕಂಡುಹಿಡಿದು ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಇದು ಎಷ್ಟು ದೊಡ್ಡ ವಿಷಯ ಅಂತ ನೋಡಿ. 2019ರ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಯಿಂದ ಸುಮಾರು 3.3 ಕೋಟಿ ಸಲ ಎದೆಯ ಸೋಂಕಾಯಿತು, ಸುಮಾರು 36 ಲಕ್ಷ ಸಲ ಆಸ್ಪತ್ರೆ ಸೇರಬೇಕಾಯಿತು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಾವುಗಳಲ್ಲಿ ಶೇಕಡಾ 97ರಷ್ಟು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಇದು ಬಂದು ಹೋಗಿರುತ್ತದೆ. ದೊಡ್ಡವರಿಗೆ ಬಂದರೆ ಸುಮ್ನೆ ನೆಗಡಿ, ವಯಸ್ಸಾದವರಿಗೆ ಮಾತ್ರ ಮತ್ತೆ ಕಷ್ಟ. ಆರು ತಿಂಗಳೊಳಗಿನ ಕೂಸಿಗಂತೂ ಉಸಿರಿನ ಸಣ್ಣ ನಾಳಗಳೇ ಕಟ್ಟಿಕೊಂಡುಬಿಡುತ್ತವೆ. ವಿಷಯಕ್ಕೆ ನೇರ ಸಂಬಂಧ ಇಲ್ಲದಿದ್ದರೂ ಇದೊಂದು ನೆನಪಿರಲಿ: ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ, ಎರಡರಿಂದ ಹನ್ನೆರಡು ತಿಂಗಳ ಮಗು 50 ಮುಟ್ಟಿದರೆ ಅಥವಾ ದಾಟಿದರೆ, ಅಥವಾ ಉಸಿರೆಳೆದಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಈ ವೈರಸ್ ಮೊದಲು ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಲ್ಯಾಬ್ ಒಂದರಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ. ಮರುವರ್ಷ ಅದೇ ವೈರಸ್ಸನ್ನು ಎದೆ ಸೋಂಕಿದ್ದ ಮಕ್ಕಳಲ್ಲಿ ರಾಬರ್ಟ್ ಚಾನಕ್ ಅವರು ಕಂಡರು, ಅಲ್ಲಿಗೆ ಇದು ಮನುಷ್ಯರ ಕಾಯಿಲೆ ಅಂತ ಗೊತ್ತಾಯಿತು. ಅದೇ 1957ರಲ್ಲಿ ಇತ್ತ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ನಮ್ಮ ಮಂಗನ ಕಾಯಿಲೆ ಪತ್ತೆಯಾಗಿತ್ತು. ಎರಡಕ್ಕೂ ಸಂಬಂಧ ಏನೂ ಇಲ್ಲ. ಆದರೆ ಕೊಪ್ಪ, ನರಸಿಂಹರಾಜಪುರದ ಕಡೆಯವರಿಗೆ ಮಂಗನ ಹೆಸರು ಕೇಳಿದ ಕೂಡಲೇ ಬೇರೆ ಕಾಯಿಲೆ ನೆನಪಾಗುತ್ತದೆ, ಅದಕ್ಕೇ ಹೇಳಿದೆ.

ಈಗ ವೈರಸ್ಸಿನ ಒಳಗೆ ಹೋಗೋಣ. ಆರ್‌ಎಸ್‌ವಿಯ ಪೂರ್ತಿ ಮಾಹಿತಿ ಒಂದೇ ಒಂದು ಆರ್‌ಎನ್‌ಎ ಎಳೆಯಲ್ಲಿದೆ. ಎ, ಯು, ಜಿ, ಸಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ ಬರೆದದ್ದು, ಉದ್ದ ಸುಮಾರು 15,200 ಅಕ್ಷರ. ಅದರಲ್ಲಿ ಹತ್ತು ಜೀನ್‌ಗಳು, ಅವುಗಳಿಂದ ಹನ್ನೊಂದು ಪ್ರೋಟೀನ್‌ಗಳು. ಇಷ್ಟೇ ಸಾಮಗ್ರಿ ಇಟ್ಟುಕೊಂಡು ಇಡೀ ಊರಿನ ಮಕ್ಕಳನ್ನು ಮಲಗಿಸುತ್ತದೆ.

ಜೀವಕೋಶದೊಳಗೆ ಹೊಕ್ಕ ಮೇಲೆ ವೈರಸ್ ಈ ಎಳೆಯನ್ನು ಸಾವಿರಾರು ಸಲ ನಕಲು ಮಾಡಿಸುತ್ತದೆ. ಆ ಕೆಲಸ ಮಾಡುವ ಕಿಣ್ವಕ್ಕೆ ಬರೆದದ್ದನ್ನು ಮತ್ತೆ ಓದಿ ತಿದ್ದುವ ಅಭ್ಯಾಸ ಇಲ್ಲ. ಕೊರೊನಾ ವೈರಸ್ಸಿಗೆ ಅಂಥ ತಿದ್ದುವ ವ್ಯವಸ್ಥೆ ಇದೆ, ಅದರ ಎಳೆ ಇದರ ಎರಡರಷ್ಟು ಉದ್ದ ಇದ್ದರೂ ನಡೆಯುವುದು ಅದಕ್ಕೇ. ಆರ್‌ಎಸ್‌ವಿಗೆ ಇಲ್ಲ. ಹಾಗಾಗಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ವೈರಸ್ ಕೆಟ್ಟುಹೋಗುತ್ತದೆ ಇಲ್ಲವೇ ಏನೂ ಆಗುವುದಿಲ್ಲ. ಕೆಲವು ಉಳಿದುಕೊಂಡು ಮುಂದಿನ ಮಗುವಿಗೆ ದಾಟುತ್ತವೆ. ಜಗತ್ತಿನಾದ್ಯಂತ ಲೆಕ್ಕ ಹಾಕಿ ನೋಡಿದರೆ ಒಂದು ಪೀಳಿಗೆ ಸಾಲಿನಲ್ಲಿ ವರ್ಷಕ್ಕೆ ಸುಮಾರು ಹತ್ತು ಅಕ್ಷರದಷ್ಟು ಬದಲಾವಣೆ ಉಳಿಯುತ್ತದೆ. ತಿಂಗಳಿಗೆ ಒಂದು ಅಂದುಕೊಳ್ಳಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಇನ್‌ಫ್ಲುಯೆಂಜಾದ ಕಥೆ ಬೇರೆ. ಅದರ ಮಾಹಿತಿ ಎಂಟು ತುಂಡುಗಳಲ್ಲಿರುತ್ತದೆ, ಎರಡು ಬಗೆಯ ಫ್ಲೂ ಒಂದೇ ಜೀವಕೋಶಕ್ಕೆ ಹೊಕ್ಕರೆ ತುಂಡುಗಳು ಅದಲು ಬದಲಾಗಿ ರಾತ್ರೋರಾತ್ರಿ ಹೊಸದೊಂದು ಹುಟ್ಟಬಹುದು. ಆರ್‌ಎಸ್‌ವಿಗೆ ಆ ಆಟ ಆಗುವುದಿಲ್ಲ. ಅದು ನಿಧಾನಕ್ಕೆ, ಅಕ್ಷರ ಅಕ್ಷರವಾಗಿ ಬದಲಾಗುತ್ತದೆ. ಆದ್ದರಿಂದಲೇ ಅದರ ವಂಶವೃಕ್ಷ ಬರೆಯುವುದು ಸುಲಭ.

ಆ ವೃಕ್ಷದಲ್ಲಿ ಎರಡು ದೊಡ್ಡ ಕೊಂಬೆಗಳು: ಎ ಮತ್ತು ಬಿ. ಎರಡೂ ಎಲ್ಲ ಕಡೆ ಸುತ್ತುತ್ತವೆ. ಒಂದು ವರ್ಷ ಎ ಜೋರು, ಇನ್ನೊಂದು ವರ್ಷ ಬಿ. ಒಂದೇ ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಇರುವುದೂ ಉಂಟು. ಎರಡರ ನಡುವೆ ಅತಿ ಹೆಚ್ಚು ವ್ಯತ್ಯಾಸ ಇರುವುದು ಜಿ ಅನ್ನುವ ಜೀನ್‌ನಲ್ಲಿ. ಈ ಜಿ ಪ್ರೋಟೀನ್ ವೈರಸ್ಸಿನ ಹೊರಮೈಯಲ್ಲಿ ಚಾಚಿಕೊಂಡಿರುತ್ತದೆ, ನಮ್ಮ ಉಸಿರುನಾಳದ ಜೀವಕೋಶಕ್ಕೆ ಅಂಟಿಕೊಳ್ಳುವುದು ಇದರಿಂದ. ಹೊರಗಿರುವುದರಿಂದ ವೈರಸ್ಸನ್ನು ಹಿಡಿದು ತಡೆಯುವ ದೇಹದ ಪ್ರತಿಕಾಯಗಳ ಕಣ್ಣಿಗೆ ಬೀಳುವುದೂ ಇದೇ, ಬದಲಾಗುವುದೂ ಇದೇ.

ಇಲ್ಲಿ ಒಂದು ತಮಾಷೆ ನಡೆಯಿತು. 1999ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿದ ಬಿ ವೈರಸ್ಸುಗಳ ಜಿ ಜೀನ್ ಓದಿದವರಿಗೆ 60 ಅಕ್ಷರಗಳ ಒಂದು ಭಾಗ ಎರಡು ಸಲ ಕಂಡಿತು. ಒಂದರ ಬೆನ್ನಿಗೆ ಇನ್ನೊಂದು, ಮೊದಲು ಬಹುತೇಕ ಹಾಗೇ ನಕಲು. ಒಂದೊಂದೇ ಅಕ್ಷರ ತಪ್ಪುವ ವೈರಸ್, ಬರೆಯುತ್ತಾ ಹಿಂದೆ ಜಾರಿ ಬರೆದಿದ್ದನ್ನೇ ಮತ್ತೆ ಬರೆದಿತ್ತು. ಇದಕ್ಕೆ ಬಿಎ ಅಂತ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಉಳಿದ ಬಿ ಬಗೆಗಳನ್ನೆಲ್ಲ ಬದಿಗೆ ತಳ್ಳಿತು. 2010ರ ಕೊನೆಗೆ ಕೆನಡಾದ ಒಂಟಾರಿಯೊದಲ್ಲಿ ಎ ವೈರಸ್ಸಿನಲ್ಲೂ ಅದೇ ಥರದ್ದು ಕಂಡಿತು, ಈ ಸಲ 72 ಅಕ್ಷರ. ಅದರ ಹೆಸರು ಓಎನ್1. ಅದೂ ಕೆಲವು ವರ್ಷಗಳಲ್ಲೇ ಹಳೆಯದನ್ನು ಓಡಿಸಿತು, ಭಾರತದಲ್ಲೂ ಸಿಕ್ಕಿತು. ಎರಡು ಬೇರೆ ಬೇರೆ ಕೊಂಬೆಗಳಲ್ಲಿ, ಹತ್ತು ವರ್ಷದ ಅಂತರದಲ್ಲಿ, ಒಂದೇ ಜೀನ್‌ನ ಹೆಚ್ಚು ಕಡಿಮೆ ಒಂದೇ ಕಡೆ ಒಂದೇ ಥರದ ತಪ್ಪು, ಎರಡೂ ಗೆದ್ದವು ಅಂದರೆ ಅದು ಬರೀ ಅದೃಷ್ಟ ಅಂತ ನನಗಂತೂ ಅನಿಸುವುದಿಲ್ಲ. ಬಿಎ ಮೇಲೆ ನಡೆದ ಲ್ಯಾಬ್ ಪ್ರಯೋಗವೂ ಆ ಕಡೆಗೇ ಕೈ ತೋರಿಸುತ್ತದೆ: ಹೆಚ್ಚುವರಿ ಭಾಗ ಇದ್ದ ವೈರಸ್ ಜೀವಕೋಶಕ್ಕೆ ಇನ್ನಷ್ಟು ಚೆನ್ನಾಗಿ ಅಂಟಿಕೊಂಡಿತು.

ಒಂದು ಮಾತು. ಬ್ಯೂನಸ್ ಐರಿಸ್, ಒಂಟಾರಿಯೊ ಅಂದ ಕೂಡಲೇ ಅಲ್ಲೇ ಹುಟ್ಟಿತು ಅಂತ ಅಲ್ಲ. ಅಲ್ಲಿ ಓದುವವರು ಇದ್ದರು, ಅವರಿಗೆ ಮೊದಲು ಕಂಡಿತು, ಅಷ್ಟೇ.

ಸರಿ, ಅಕ್ಷರ ಬದಲಾದರೆ ಮಗುವಿಗೇನು, ಕೆಮ್ಮು ಅದೇ ಕೆಮ್ಮಲ್ವಾ? ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ಬಹಳ ಸುಲಭ. ಹಳೇ ಮೈಸೂರು ರಾಜ್ಯದ ತೋಟವೊಂದರಲ್ಲಿ 1911ರಲ್ಲಿ ಕೆಂಟ್ ಅನ್ನುವವರು ಎಲೆ ತುಕ್ಕು ರೋಗ ತಗುಲದ ಗಿಡವನ್ನು ಆರಿಸಿ ಬೆಳೆಸಿದರು. ಎಲ್ಲರೂ ಕೆಂಟ್ಸ್ ಹಾಕಿದರು. ಕೆಲವು ವರ್ಷ ಚೆನ್ನಾಗಿತ್ತು, ಆಮೇಲೆ ಅದಕ್ಕೂ ತುಕ್ಕು ಹತ್ತಿತು. ಗಿಡ ಬದಲಾಗಿರಲಿಲ್ಲ, ಎಲೆಯಡಿಯ ಕಿತ್ತಳೆ ಪುಡಿಯೂ ನೋಡಲು ಅದೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವಿಲ್ಸನ್ ಮೇನ್ 1932ರಲ್ಲಿ ಉತ್ತರ ಕೊಟ್ಟರು: ಕಣ್ಣಿಗೆ ಒಂದೇ ಥರ ಕಾಣುವ ತುಕ್ಕಿನಲ್ಲಿ ಬೇರೆ ಬೇರೆ ತಳಿಗಳಿವೆ, ಕೆಂಟ್ಸ್ ಒಂದನ್ನು ತಡೆಯುತ್ತದೆ, ಇನ್ನೊಂದನ್ನು ತಡೆಯುವುದಿಲ್ಲ. ಕಾಫಿ ತುಕ್ಕಿನ ವಿಷಯದಲ್ಲಿ ಜಗತ್ತಿಗೆ ಇದು ತಿಳಿದದ್ದೇ ಚಿಕ್ಕಮಗಳೂರು ಜಿಲ್ಲೆಯಿಂದ. ಮೇನ್ ಹತ್ತಿರ ಜೀನ್ ಓದುವ ಯಂತ್ರ ಇರಲಿಲ್ಲ. ಬೇರೆ ಬೇರೆ ಗಿಡದ ಎಲೆಗೆ ತುಕ್ಕು ಹಚ್ಚಿ, ಯಾವುದಕ್ಕೆ ಹತ್ತುತ್ತದೆ ಯಾವುದಕ್ಕಿಲ್ಲ ಅಂತ ನೋಡಿಯೇ ಹೇಳಿದ್ದು.

ಆರ್‌ಎಸ್‌ವಿಯಲ್ಲೂ ಇದೇ ಆಯಿತು. ವೈರಸ್ಸಿನ ಮೇಲೆ ಎಫ್ ಅಂತ ಇನ್ನೊಂದು ಪ್ರೋಟೀನ್ ಇದೆ. ಜಿ ಅಂಟಿಕೊಳ್ಳುತ್ತದೆ, ಎಫ್ ವೈರಸ್ಸಿನ ಪೊರೆಯನ್ನು ನಮ್ಮ ಜೀವಕೋಶದ ಪೊರೆಯ ಜೊತೆ ಸೇರಿಸಿ ಒಳಗೆ ದಾರಿ ಮಾಡಿಕೊಡುತ್ತದೆ. ಎಫ್ ಅಷ್ಟಾಗಿ ಬದಲಾಗುವುದಿಲ್ಲ. ಬದಲಾದರೆ ಅದರ ಕೆಲಸವೇ ಕೆಡುತ್ತದೆ. ಆದ್ದರಿಂದ ಲಸಿಕೆ, ಔಷಧಿ ಮಾಡುವವರೆಲ್ಲ ಗುರಿ ಇಡುವುದು ಎಫ್ ಮೇಲೆ. ಒಳಗೆ ಹೋಗುವ ಮುಂಚೆ ಎಫ್‌ನ ಆಕಾರ ಒಂದು, ಕೆಲಸ ಮುಗಿದ ಮೇಲೆ ಇನ್ನೊಂದು. ಮುಂಚಿನ ಆಕಾರ ಹೇಗಿದೆ ಅಂತ 2013ರಲ್ಲಿ ತಿಳಿದ ಮೇಲೆಯೇ ದಶಕಗಳ ಕಾಲ ಕೈಗೆ ಸಿಗದಿದ್ದ ಲಸಿಕೆ 2023ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಈ ನಡುವೆ ಸುಪ್ಟಾವುಮ್ಯಾಬ್ ಅನ್ನುವ ಪ್ರತಿಕಾಯದ ಇಂಜೆಕ್ಷನ್ ಒಂದನ್ನು ತಯಾರಿಸಿದ್ದರು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಕೊಟ್ಟು ದೊಡ್ಡ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಬಂತು: ಫೇಲ್. ಮಕ್ಕಳಿಂದ ಸಿಕ್ಕ ವೈರಸ್ಸುಗಳ ಅಕ್ಷರ ಓದಿದಾಗ ಕಾರಣ ಹೊರಬಿತ್ತು. ಪ್ರತಿಕಾಯ ಹೋಗಿ ಕೂರುವ ಜಾಗದಲ್ಲಿ, ಎಫ್ ಪ್ರೋಟೀನಿನ 172 ಮತ್ತು 173ನೇ ಸ್ಥಾನದಲ್ಲಿ, ಆಗ ಓಡಾಡುತ್ತಿದ್ದ ಬಿ ವೈರಸ್ಸುಗಳು ಬದಲಾಗಿದ್ದವು. ಅಷ್ಟೇ, ಎರಡು ಜಾಗ. ಎ ವೈರಸ್ಸುಗಳ ಮೇಲೆ ಅದು ಅಷ್ಟಿಷ್ಟು ಕೆಲಸ ಮಾಡಿತ್ತು, ಬಿ ಮೇಲೆ ಏನೂ ನಡೆಯಲಿಲ್ಲ. ಔಷಧಿಯಲ್ಲಿ ದೋಷ ಇರಲಿಲ್ಲ, ಹಳೆಯ ವೈರಸ್ಸಿಗೆ ಸರಿಯಾಗಿಯೇ ಮಾಡಿದ್ದರು. ಊರಲ್ಲಿ ಓಡಾಡುತ್ತಿದ್ದದ್ದು ಹಳೆಯ ವೈರಸ್ ಆಗಿರಲಿಲ್ಲ.

ಆಮೇಲೆ ಬಂದ ನಿರ್ಸೆವಿಮ್ಯಾಬ್ ಎಫ್‌ನ ಬೇರೆ ಜಾಗದಲ್ಲಿ ಕೂರುತ್ತದೆ, ಒಂದೇ ಇಂಜೆಕ್ಷನ್ನಿಗೆ ಒಂದು ಸೀಸನ್ ಪೂರ್ತಿ ತಡೆಯುತ್ತದೆ. ಅದು ಕೂರುವ ಜಾಗದಲ್ಲೂ ಬಿ ವೈರಸ್ಸುಗಳು 206 ಮತ್ತು 209ರಲ್ಲಿ ಬದಲಾಗಿ ಹರಡಿಕೊಂಡಿವೆ. ಲ್ಯಾಬಿನಲ್ಲಿ ನೋಡಿದ್ದಾರೆ, ಔಷಧಿ ಇನ್ನೂ ಕೆಲಸ ಮಾಡುತ್ತಿದೆ. ನೋಡುತ್ತಲೇ ಇರಬೇಕು, ಬೇರೆ ದಾರಿ ಇಲ್ಲ.

ಓದುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಉದ್ದನೆಯ ತೆಳು ಸ್ವಾಬ್ ಮೂಗಿನ ಹಿಂಬದಿಯವರೆಗೆ ಹೋಗಿ ಬರುತ್ತದೆ, ಮಗು ಕಿರುಚುತ್ತದೆ. ಗುಲಾಬಿ ಬಣ್ಣದ ದ್ರವ ಇರುವ ಪುಟ್ಟ ಟ್ಯೂಬಿಗೆ ಅದರ ತುದಿ ಮುರಿದು ಹಾಕಿ ಐಸ್ ಪ್ಯಾಕ್ ಇರುವ ಡಬ್ಬದಲ್ಲಿ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಆರ್‌ಎನ್‌ಎ ಬೇರ್ಪಡಿಸಿ ಪಿಸಿಆರ್ ಮಾಡುತ್ತಾರೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ್ದ ಸಿಟಿ ವ್ಯಾಲ್ಯೂ ಬರುವುದು ಇಲ್ಲೇ. ಕಡಿಮೆ ಬಂದರೆ ವೈರಸ್ ಜಾಸ್ತಿ ಇದೆ ಅಂತ ಅರ್ಥ. 30ರ ಮೇಲೆ ಹೋಯಿತೋ, ಪಾಸಿಟಿವ್ ಅನ್ನಬಹುದು, ಆದರೆ ಪೂರ್ತಿ 15,200 ಅಕ್ಷರ ಓದುವಷ್ಟು ಸಾಮಗ್ರಿ ಇರುವುದು ಕಷ್ಟ. ಒಳ್ಳೆಯ ಸ್ಯಾಂಪಲ್ ಸಿಕ್ಕಿದರೆ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ, ಒಂದರ ಮೇಲೊಂದು ಸ್ವಲ್ಪ ಹೊಂದಿಕೊಳ್ಳುವ ತುಂಡುಗಳಾಗಿ ಹೆಚ್ಚಿಸಿ, ಸೀಕ್ವೆನ್ಸರ್ ಯಂತ್ರಕ್ಕೆ ಹಾಕುತ್ತಾರೆ. ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರಗಳೂ ಇವೆ. ಯಂತ್ರ ಓದಿದ ಚೂರುಗಳನ್ನು ಕಂಪ್ಯೂಟರ್ ಜೋಡಿಸುತ್ತದೆ, ಓದಲಾಗದ ಕಡೆ ಎನ್ ಅಂತ ಬರೆದು ಬಿಡುತ್ತದೆ.

ತೊಡಕು ಏನೆಂದರೆ ತುಂಡು ಹೆಚ್ಚಿಸಲು ಬಳಸುವ ಪ್ರೈಮರ್‌ಗಳು ಅನ್ನುವ ಪುಟ್ಟ ಡಿಎನ್‌ಎ ಚೂರುಗಳು ವೈರಸ್ಸಿನ ಗೊತ್ತಿರುವ ಅಕ್ಷರಗಳಿಗೇ ಅಂಟಿಕೊಳ್ಳಬೇಕು. ವೈರಸ್ ಬದಲಾದ ಕಡೆಯೇ ಪ್ರೈಮರ್ ಅಂಟುವುದಿಲ್ಲ, ಅಲ್ಲೇ ಎನ್ ಎನ್ ಎನ್ ಅಂತ ಖಾಲಿ ಬೀಳುತ್ತದೆ. ಯಾವ ಜಾಗ ನೋಡಬೇಕಿತ್ತೋ ಅದೇ ಜಾಗ ಕುರುಡು. ಅದಕ್ಕೇ ಪ್ರೈಮರ್‌ಗಳನ್ನೂ ಆಗಾಗ ಬದಲಿಸಬೇಕಾಗುತ್ತದೆ.

ಓದಿದ್ದರಿಂದ ಏನೇನು ತಿಳಿಯುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಕೀನ್ಯಾದ ಕಿಲಿಫಿ ಅನ್ನುವ ಕರಾವಳಿ ಹಳ್ಳಿಗಾಡು. 2009–10ರಲ್ಲಿ ಅಲ್ಲಿ 47 ಮನೆಗಳನ್ನು ಆರಿಸಿಕೊಂಡು, ಕೆಮ್ಮು ಇರಲಿ ಬಿಡಲಿ, ಮನೆಯವರೆಲ್ಲರ ಮೂಗಿನ ಸ್ಯಾಂಪಲ್ಲನ್ನು ವಾರ ವಾರವೂ ತಿಂಗಳುಗಟ್ಟಲೆ ತೆಗೆದರು. ಕೂಸಿಗೆ ವೈರಸ್ ತಂದವರು ಯಾರು? ಮನೆಯೊಳಗಿಂದ ಬಂದಾಗ ಹೆಚ್ಚಾಗಿ ಶಾಲೆಗೆ ಹೋಗುವ ಅಣ್ಣ, ಅಕ್ಕ. ಅವರಿಗೆ ಮೂಗು ಸೋರಿದರೆ ಜಾಸ್ತಿ, ಅಷ್ಟರಲ್ಲಿ ತೊಟ್ಟಿಲಿಗೆ ದಾಟಿರುತ್ತದೆ. ಅರಕಲಗೂಡಿನ ಯಾವುದೋ ಹಳ್ಳಿಯ ಮನೆಗೂ ಇದಕ್ಕೂ ಏನು ವ್ಯತ್ಯಾಸ? ಅಂಗನವಾಡಿಯಿಂದ ಬಂದ ದೊಡ್ಡ ಮಗು ಬ್ಯಾಗ್ ಇಡುವ ಮುಂಚೆ ಪಾಪುವಿಗೆ ಮುತ್ತು ಕೊಡುತ್ತದೆ.

ನಂತರ ಆ ಸ್ಯಾಂಪಲ್‌ಗಳ ಅಕ್ಷರ ಓದಿದಾಗ ಇನ್ನೂ ಸೂಕ್ಷ್ಮ ವಿಷಯ ತಿಳಿಯಿತು. ಒಂದೇ ಮನೆಯಲ್ಲಿ ಹಲವರಿಗೆ ಬಂದಿದ್ದರೆ, ಅದು ಒಬ್ಬರಿಂದ ಹರಡಿದ್ದೋ ಅಥವಾ ಹೊರಗಿಂದ ಎರಡು ಸಲ ಬೇರೆ ಬೇರೆ ಬಂದಿದ್ದೋ ಅಂತ ಬೇರ್ಪಡಿಸಬಹುದು. ಇಲ್ಲಿ ಆ ತಿಂಗಳಿಗೊಂದು ಅಕ್ಷರದ ಲೆಕ್ಕ ನೆನಪಿಸಿಕೊಳ್ಳಿ. ಅಣ್ಣನ ವೈರಸ್ಸಿಗೂ ತಂಗಿಯದಕ್ಕೂ ಇಪ್ಪತ್ತು ಅಕ್ಷರ ವ್ಯತ್ಯಾಸ ಇದ್ದರೆ ಅಣ್ಣ ಕೊಟ್ಟದ್ದಲ್ಲ, ಖಂಡಿತ. ಒಂದೂ ವ್ಯತ್ಯಾಸ ಇಲ್ಲದಿದ್ದರೆ ಅಣ್ಣ ತಂಗಿಗೆ ಕೊಟ್ಟನೋ, ತಂಗಿ ಅಣ್ಣನಿಗೋ, ಇಬ್ಬರಿಗೂ ಅಜ್ಜಿ ಕೊಟ್ಟರೋ ಅಕ್ಷರ ನೋಡಿ ಹೇಳಲು ಆಗುವುದಿಲ್ಲ, ಯಾರಿಗೆ ಯಾವತ್ತು ಶುರುವಾಯಿತು ಅಂತ ಕೇಳಬೇಕು. ಜೀನ್ ಓದಿದರೆ ಎಲ್ಲ ತಿಳಿಯುತ್ತದೆ ಅನ್ನುವವರ ಮಾತನ್ನು ನಾನು ಅರ್ಧವೇ ನಂಬುವುದು ಇದಕ್ಕೇ.

ಕೋವಿಡ್ ಆದ ಮೇಲಿನ ಎರಡು ದೇಶಗಳ ಕಥೆಯೂ ಚೆನ್ನಾಗಿದೆ. ಲಾಕ್‌ಡೌನ್, ಮಾಸ್ಕ್, ಶಾಲೆ ಬಂದ್ ಆಗಿ 2020ರಲ್ಲಿ ಆರ್‌ಎಸ್‌ವಿ ಬಹುತೇಕ ಮಾಯವಾಗಿತ್ತು. ಆಸ್ಟ್ರೇಲಿಯಾದಲ್ಲಿ ಅದು ಚಳಿಗಾಲದ ಕಾಯಿಲೆ, ಆದರೆ 2020ರ ಕೊನೆಗೆ ಬೇಸಿಗೆಯಲ್ಲಿ ಧಿಡೀರನೆ ಎದ್ದಿತು. ಅಕ್ಷರ ಓದಿದರೆ, ಮೊದಲು ಇದ್ದ ಹತ್ತಾರು ಬಗೆಗಳು ಹೋಗಿ ಎ ಕೊಂಬೆಯ ಬೆರಳೆಣಿಕೆಯ ರೆಂಬೆಗಳಷ್ಟೇ ಉಳಿದಿದ್ದವು. 2022ರಲ್ಲಿ ಅಮೆರಿಕದಲ್ಲಿ ಮಕ್ಕಳ ಆಸ್ಪತ್ರೆಗಳು ಆರ್‌ಎಸ್‌ವಿಯಿಂದ ತುಂಬಿದಾಗ, ಹೊಸ ಉಗ್ರ ತಳಿ ಬಂದಿದೆ ಅಂತಲೇ ಹಲವರ ಭಯ. ಬಾಸ್ಟನ್‌ನಲ್ಲಿ ಓದಿ ನೋಡಿದರೆ ಅಲ್ಲಿ ಒಂದಲ್ಲ, ಹಲವು ಬಗೆಗಳಿದ್ದವು, ಅವೆಲ್ಲ ಕೋವಿಡ್‌ಗೂ ಮುಂಚೆಯೇ ಕವಲೊಡೆದವು. ವೈರಸ್ ಹಳೆಯದೇ. ಎರಡು ವರ್ಷ ಸೋಂಕೇ ತಗುಲದ ಮಕ್ಕಳು ಒಟ್ಟಿಗೆ ಸಿಕ್ಕಿದ್ದು ಹೊಸತು.

2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಕೂಸುಗಳಲ್ಲಿ ಎಚ್‌ಎಂಪಿವಿ ಸಿಕ್ಕಿ ಟಿವಿಯವರು ರಾತ್ರಿ ಹಗಲು ಕೂಗಿದ್ದು ನೆನಪಿದೆಯಲ್ಲ? ಅದು ಆರ್‌ಎಸ್‌ವಿಯದೇ ಕುಟುಂಬದ ವೈರಸ್, 2001ರಿಂದಲೇ ಗೊತ್ತಿರುವಂಥದ್ದು. ಕೂಸುಗಳು ವಿದೇಶಕ್ಕೂ ಹೋಗಿರಲಿಲ್ಲ. ಆಗ ಎಲ್ಲರ ಬಾಯಲ್ಲಿದ್ದ ಪ್ರಶ್ನೆ, "ಇದು ಚೀನಾದ್ದಾ, ನಮ್ಮದೇನಾ?" ಪಾಸಿಟಿವ್ ರಿಪೋರ್ಟ್ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಕ್ಷರ ಓದಬೇಕು, ಓದಿದ್ದನ್ನು ಹೋಲಿಸಿ ನೋಡಲು ನಮ್ಮ ಊರಿನ ಹಿಂದಿನ ವರ್ಷಗಳ ಅಕ್ಷರಗಳೂ ಇರಬೇಕು.

ಇಲ್ಲಿಗೆ ನಮ್ಮ ತೊಂದರೆಗೆ ಬಂದೆವು. ವಂಶವೃಕ್ಷದಲ್ಲಿ ಕಾಣುವುದು ವೈರಸ್ ಎಲ್ಲೆಲ್ಲಿದೆ ಅಂತ ಅಲ್ಲ, ಯಾರು ಯಾರು ಓದಿದ್ದಾರೆ ಅಂತ. ಶ್ರೀಮಂತ ದೇಶಗಳಿಂದ ರಾಶಿ ರಾಶಿ, ನಮ್ಮಲ್ಲಿಂದ ಕಡಿಮೆ. ಅದರಲ್ಲೂ ದೊಡ್ಡ ಊರಿನ ದೊಡ್ಡ ಆಸ್ಪತ್ರೆ, ಅಡ್ಮಿಟ್ ಆದ ಮಕ್ಕಳು. ಹೆಸರಿಡುವುದರಲ್ಲೂ ಗೊಂದಲ ಇತ್ತು, ಒಬ್ಬೊಬ್ಬರು ಜಿ ಜೀನ್ ಮಾತ್ರ ನೋಡಿ ಒಂದೊಂದು ಹೆಸರಿಡುತ್ತಿದ್ದರು. 2024ರಲ್ಲಿ ಹಲವು ದೇಶದವರು ಸೇರಿ ಪೂರ್ತಿ ಎಳೆ ನೋಡಿ ಹೆಸರಿಡುವ ಕ್ರಮ ಮಾಡಿದರು: ಎ ಕೊಂಬೆಯಲ್ಲಿ 24 ವಂಶಗಳು, ಬಿಯಲ್ಲಿ 16. ಆ ನಲವತ್ತರಲ್ಲಿ ಯಾವುದು ಮೂಡಿಗೆರೆಯ ಮಳೆಗಾಲದಲ್ಲಿ ಓಡಾಡುತ್ತದೆ?

ಇಂಥ ಪ್ರಶ್ನೆ ಕೇಳಲು ಹಾಸನ, ಚಿಕ್ಕಮಗಳೂರಿನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ವಾರದ ಕೊನೆಗೆ ಮುಳ್ಳಯ್ಯನಗಿರಿಗೆ ಬೆಂಗಳೂರಿನ ಕಾರುಗಳು. ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ತೋಟದ ಲೈನ್ ಮನೆಗಳಿಗೆ ಬರುವ ಕೆಲಸದವರು. ಉತ್ತರ ಭಾರತದಲ್ಲಿ ಆರ್‌ಎಸ್‌ವಿ ಜೋರಾಗುವುದು ಚಳಿಗಾಲಕ್ಕೆ, ನಮ್ಮ ಕಡೆ ಹೆಚ್ಚಾಗಿ ಮಳೆಗಾಲ ಮತ್ತು ಅದರ ಹಿಂದೆಯೇ. ಹಾಗಾದರೆ ನಮ್ಮ ವೈರಸ್ ಬೇಸಿಗೆಯಲ್ಲಿ ಇಲ್ಲೇ ಎಲ್ಲೋ ಸಣ್ಣಗೆ ಉಳಿದು ಜೂನ್‌ನಲ್ಲಿ ಏಳುತ್ತದೋ, ಪ್ರತಿವರ್ಷ ಹೊರಗಿಂದ ಹೊಸದಾಗಿ ಬರುತ್ತದೋ? ಹೋದ ಸೆಪ್ಟೆಂಬರಿನ ವೈರಸ್ಸಿಗೂ ಈ ಜುಲೈನದ್ದಕ್ಕೂ ಹತ್ತರೊಳಗೆ ವ್ಯತ್ಯಾಸ ಇದ್ದರೆ ಇಲ್ಲೇ ಉಳಿದದ್ದಿರಬಹುದು. ಐವತ್ತು ಇದ್ದರೆ ಹೊರಗಿನದ್ದು.

ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2020ರ ಮಾರ್ಚ್‌ನಲ್ಲಿ ಇಡೀ ಕರ್ನಾಟಕದಲ್ಲಿ ಕೋವಿಡ್ ಪರೀಕ್ಷೆ ಮಾಡುತ್ತಿದ್ದ ಲ್ಯಾಬ್‌ಗಳು ಕೈಬೆರಳಿನಷ್ಟೇ ಇದ್ದಾಗ ಅದರಲ್ಲಿ ಒಂದು ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ನದು. ಸೀಕ್ವೆನ್ಸಿಂಗ್‌ಗೆ ಆಗ ರಾಜ್ಯದ ಸ್ಯಾಂಪಲ್‌ಗಳು ನಿಮ್ಹಾನ್ಸ್‌ನಂಥ ಬೆಂಗಳೂರಿನ ಸಂಸ್ಥೆಗಳಿಗೆ ಹೋಗುತ್ತಿದ್ದವು. ಆ ದಾರಿ ಆರ್‌ಎಸ್‌ವಿಗೂ ನಡೆಯುತ್ತದೆ. ಎಲ್ಲ ಮಕ್ಕಳ ಸ್ವಾಬ್ ಬೇಡವೇ ಬೇಡ. ತಾಲ್ಲೂಕು ಆಸ್ಪತ್ರೆಗಳಿಂದ ವಾರಕ್ಕೆ ಕೆಲವು, ಅಡ್ಮಿಟ್ ಆದವರದ್ದಷ್ಟೇ ಅಲ್ಲ ಓಪಿಡಿಯಲ್ಲಿ ಸಿರಪ್ ತಗೊಂಡು ಮನೆಗೆ ಹೋಗುವವರದ್ದೂ. ಟ್ಯೂಬಿನ ಮೇಲೆ ತಾರೀಖು, ವಯಸ್ಸು, ತಾಲ್ಲೂಕು ಬರೆದಿದ್ದರೆ ಸಾಕು, ಮಗುವಿನ ಹೆಸರು ವಂಶವೃಕ್ಷಕ್ಕೆ ಬೇಡ. ತಾರೀಖು ಇಲ್ಲದ ಸ್ಯಾಂಪಲ್ಲಿಗೆ ಎಷ್ಟು ಖರ್ಚು ಮಾಡಿ ಓದಿದರೂ ಆ ತಿಂಗಳಿಗೊಂದು ಅಕ್ಷರದ ಲೆಕ್ಕ ಹಾಕಲು ಬರುವುದಿಲ್ಲ. ಪಾಸಿಟಿವ್ ಬಂದದ್ದನ್ನು ಕಳಿಸುವವರೆಗೆ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡಬೇಕು, ಮತ್ತು ಆಷಾಢದ ಗಾಳಿಗೆ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋದ ದಿನಗಳಿಗೆ ಆ ಫ್ರೀಜರಿಗೆ ಜನರೇಟರ್ ಇರಬೇಕು, ಡೀಸೆಲ್ ಸಮೇತ.